ಮೊದಲು ಕಂಡವನೇ ಮುಂದಾಳು

ಜನವರಿ 4, 1940, ಗುರುವಾರ

ಬೆಂಚುಗಳನ್ನೆಲ್ಲ ಸೌದೆ ಕೊಟ್ಟಿಗೆಗೆ ಸಾಗಿಸಿದ್ದಾಯಿತು. ನನ್ನ ತರಗತಿಯಲ್ಲೀಗ ಹುಲ್ಲಿನ ಹಾಸಿಗೆ, ಸಾಲು ಸಾಲು ಬೂಟು, ಒದ್ದೆ ಉಣ್ಣೆಯ ವಾಸನೆ. ನವೆಂಬರಿನಲ್ಲಿ ರಷ್ಯಾದವರು ನಮ್ಮ ಗಡಿ ದಾಟಿದ ದಿನ ಮಕ್ಕಳನ್ನು ಮನೆಗೆ ಕಳಿಸಿದ್ದೆ. ಅಂದಿನಿಂದ ಖಾಲಿ ಬಿದ್ದಿದ್ದ ಶಾಲೆ ಈಗ ವಾಯುಪಡೆಯ ಪಾಲು. ಹಿಂದಿನ ಸರೋವರ ಹೆಪ್ಪುಗಟ್ಟಿ ಕಲ್ಲಾಗಿದೆ, ಅದೇ ಇವರ ನಿಲ್ದಾಣ. ಚಕ್ರ ಬಿಚ್ಚಿ ಜಾರುಹಲಗೆ ಕಟ್ಟಿಕೊಂಡ ಆರು ಯುದ್ಧವಿಮಾನಗಳು ದಡದ ಮರಗಳ ಕೆಳಗೆ ಬಿಳಿ ಬಟ್ಟೆ ಹೊದ್ದು ನಿಂತಿವೆ. ಅಡುಗೆ ನಮ್ಮ ಮಹಿಳಾ ದಳದ್ದು. ನಾನು ಮುಖ್ಯಸ್ಥೆ, ಕೈಕೆಳಗೆ ಹೆಲ್ಮಿ ಮತ್ತು ಇನ್ನಿಬ್ಬರು.

ಬಂದ ಆರು ಜನ ಪೈಲಟ್‌ಗಳಲ್ಲಿ ಒಬ್ಬ ನನ್ನ ತಮ್ಮ ತೌನೊ. ದೇವರು ಕಣ್ಣು ಬಿಟ್ಟ ಅಂದುಕೊಂಡೆ. ಅಮ್ಮ ಹೋದಾಗ ಅವನಿಗೆ ನಾಲ್ಕು ವರ್ಷ, ನನಗೆ ಇಪ್ಪತ್ತನಾಲ್ಕು. ನನ್ನ ಕೈಯ ಗಂಜಿ ಕುಡಿದು ಬೆಳೆದವನು, ಇದೇ ಕರಿಹಲಗೆಯ ಮೇಲೆ ಅಕ್ಷರ ತಿದ್ದಿದವನು. ಅವನು ಬದುಕಿ ಉಳಿಯಬೇಕು. ನನ್ನವನಾಗಿಯೇ ಉಳಿಯಬೇಕು. ಎರಡನೆಯದನ್ನು ಬೇರೆ ಎಲ್ಲೂ ಹೇಳಲಾರೆ, ಇಲ್ಲಿ ಬರೆಯುತ್ತೇನೆ.

ಇವರ ನಾಯಕ ಕ್ಯಾಪ್ಟನ್ ವಾಸ್ಕೆಲಾ. ಪತ್ರಿಕೆಯಲ್ಲಿ ಬಂದ ಅವನ ಚಿತ್ರವನ್ನು ಕತ್ತರಿಸಿ ಹೆಲ್ಮಿ ಬ್ರೆಡ್ಡಿನ ಕಪಾಟಿಗೆ ಅಂಟಿಸಿದ್ದಳು. ಚಿತ್ರದಲ್ಲಿ ಬಲು ಎತ್ತರದವನ ಹಾಗೆ ಕಾಣುತ್ತಾನೆ. ಎದುರಿಗೆ ನಿಂತರೆ ನನ್ನ ಕಿವಿಯ ಮಟ್ಟಕ್ಕೆ ಬರುತ್ತಾನೆ. ಮೂವತ್ತೆರಡರ ಈ ಗಂಡಸನ್ನು ಹುಡುಗರೆಲ್ಲ 'ಮುದುಕ' ಅನ್ನುತ್ತಾರೆ, ಅದೂ ಎದುರಿಗೇ.

ಹಲಗೆಯ ಮೇಲೆ ನವೆಂಬರ್ ಮೂವತ್ತರ ಪಾಠ ಹಾಗೇ ಇತ್ತು.

"ಅಳಿಸಬಹುದಾ, ಟೀಚರ್?" ಅಂತ ಕೇಳಿದ.

"ಅಳಿಸಿ" ಅಂದೆ. ಕೇಳದೆ ಅಳಿಸಿದ್ದರೆ ಬೈಯಬಹುದಿತ್ತು. ಕೇಳಿ ಆ ದಾರಿಯನ್ನೂ ಮುಚ್ಚಿದ.

ಅಳಿಸಿ ಒಂದೇ ಸಾಲು ಬರೆದ: ಮೊದಲು ಕಂಡವನೇ ಮುಂದಾಳು. ಆಕಾಶದಲ್ಲಿ ಶತ್ರು ಯಾರ ಕಣ್ಣಿಗೆ ಮೊದಲು ಬೀಳುತ್ತಾನೋ ಆ ಹೊತ್ತಿಗೆ ಅವನೇ ನಾಯಕನಂತೆ, ಮಿಕ್ಕವರು, ಕ್ಯಾಪ್ಟನ್ನೂ ಸೇರಿ, ಅವನ ಹಿಂದೆ ಹೋಗಬೇಕಂತೆ. ನಿನ್ನೆ ಮೊನ್ನೆ ರೆಕ್ಕೆ ಬಲಿತ ಹುಡುಗನ ಹಿಂದೆ ದೇಶಕ್ಕೆಲ್ಲ ಹೆಸರಾದ ವೀರ. ಮಕ್ಕಳಾಟದ ನಿಯಮದ ಹಾಗಿದೆ.

ಗುರುವಾರವಾದ್ದರಿಂದ ವಾಡಿಕೆಯಂತೆ ಬಟಾಣಿ ಸಾರು. ಅವನು ಎಲ್ಲರೂ ಉಂಡಾದ ಮೇಲೆ ಬಂದು ತಳದಲ್ಲಿದ್ದದ್ದನ್ನು ಹಾಕಿಸಿಕೊಂಡ. ಎಲ್ಲರೂ ನೋಡಲಿ ಅಂತ.

ಜನವರಿ 8, ಸೋಮವಾರ

ಹಾರಾಟ ಮುಗಿಸಿ ಬಂದವರು ಕೂಡಲೇ ತರಗತಿಯಲ್ಲಿ ಸೇರುತ್ತಾರೆ. ಕಾಫಿ ಕೊಡಲು ಹೋದವಳು ಬಾಗಿಲಲ್ಲೇ ನಿಂತೆ. ಕ್ಯಾಪ್ಟನ್ ಸೀಮೆಸುಣ್ಣ ಹಿಡಿದು ಮೊದಲು ತನ್ನ ತಪ್ಪನ್ನೇ ಬರೆದ.

"ಸೂರ್ಯ ಬೆನ್ನಿಗಿದಾನೆ ಅಂತ ಮೈಮರೆತೆ. ಕೆಳಗೆ ನೋಡಲಿಲ್ಲ. ಪೆಂಟಿ ಕೂಗದೆ ಇದ್ದಿದ್ರೆ ಈಗ ನಿಮಗೆ ನನ್ನ ಪಾಲಿನ ಸಕ್ಕರೆ ಸಿಗ್ತಿತ್ತು."

"ಎಷ್ಟು ಗಡ್ಡೆ?" ಅಂದ ಪೆಂಟಿ. ತೆಳ್ಳಗೆ ಉದ್ದಕ್ಕಿರುವ ಹುಡುಗ, ನಾಲಿಗೆಗೆ ಮೂಳೆ ಇಲ್ಲ. "ಮುದುಕ, ಎರಡಕ್ಕಿಂತ ಕಡಿಮೆ ಇದ್ದರೆ ಕೂಗಿದ್ದೇ ಒಳ್ಳೇದಾಯ್ತು. ಜಾಸ್ತಿ ಇತ್ತೋ, ಮುಂದಿನ ಸಲ ಯೋಚನೆ ಮಾಡ್ತೀನಿ."

ಎಲ್ಲರೂ ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ಎದ್ದು ತಂತಮ್ಮ ತಪ್ಪು ಹೇಳಿದರು. ತೌನೊ ಕೂಡ. ಗುಂಡನ್ನು ಬಲು ದೂರದಿಂದಲೇ ಹಾರಿಸಿಬಿಟ್ಟೆ ಅಂದ. ತಲೆ ತಗ್ಗಿಸಲಿಲ್ಲ. ಚಿಕ್ಕಂದಿನಲ್ಲಿ ಗುಣಾಕಾರದ ಒಂದು ತಪ್ಪು ಒಪ್ಪಿಸಲು ನಾನು ಅವನನ್ನು ಅರ್ಧ ದಿನ ಮೂಲೆಯಲ್ಲಿ ನಿಲ್ಲಿಸಿದ್ದುಂಟು, ಆಗಲೂ ಒಪ್ಪಿರಲಿಲ್ಲ.

ಇಪ್ಪತ್ತೆರಡು ವರ್ಷ ಇದೇ ಹಲಗೆಯ ಮುಂದೆ ನಿಂತಿದ್ದೇನೆ. ನನ್ನ ಪಾಠವನ್ನು ಯಾರೂ ಹೀಗೆ ಮೈಯೆಲ್ಲ ಕಿವಿಯಾಗಿ ಕೇಳಲಿಲ್ಲ. ತನ್ನ ತಪ್ಪನ್ನು ತಾನೇ ಸಾರಿ ಮೆಚ್ಚುಗೆ ಗಳಿಸುವುದು ಹಳೆಯ ಉಪಾಯ. ಪಾದ್ರಿಗಳಿಗೆ ಇದು ಚೆನ್ನಾಗಿ ಗೊತ್ತು.

ಕಾಫಿ ಆರಿತ್ತು. ಯಾರೂ ಗಮನಿಸಲಿಲ್ಲ.

ಜನವರಿ 13, ಶನಿವಾರ

ಸೌನಾ ದಿನ. ದಡದ ಸ್ನಾನದ ಮನೆಯಲ್ಲಿ ಮಧ್ಯಾಹ್ನದಿಂದ ಹೊಗೆ. ಗಂಡಸರೆಲ್ಲ ಕೆಂಪು ಮೂಲಂಗಿಗಳ ಹಾಗೆ ಹೊರಬಂದು ಹಿಮದಲ್ಲಿ ಹೊರಳಿದರು. ಅಲ್ಲಿ ಬಿಸಿ ಹಬೆಯಲ್ಲಿ ಕೂತು ಕ್ಯಾಪ್ಟನ್ ಎಲ್ಲರಿಗೂ 'ನೀನು' ಅನ್ನುವ ಹಕ್ಕು ಕೊಟ್ಟನಂತೆ. ಹಿರಿಯನಾದವನು ತಾನಾಗಿ ಕೈ ನೀಡಿ ಕೊಡಬೇಕಾದದ್ದು ಅದು. ನಮ್ಮಲ್ಲಿ ಹತ್ತಾರು ವರ್ಷ ಅಕ್ಕಪಕ್ಕ ಬದುಕಿದವರೂ ಕೊಡದೆ ಸತ್ತಿದ್ದಾರೆ. ಇವನು ಮೆಕ್ಯಾನಿಕ್‌ಗಳಿಗೂ ಹಂಚಿದ.

ನನಗೆ ಮಾತ್ರ 'ನೀವು'. ನಾನು ಹಿರಿಯಳು, ಹೆಂಗಸು, ಕೊಡಬೇಕಾದವಳು ನಾನೇ. ಕೊಡುವುದಿಲ್ಲ.

ತೌನೊ ಈಗ ಬಾಯಿ ತೆರೆದರೆ "ಮುದುಕ ಹೇಳ್ತಾನೆ". ಮುದುಕ ಹೇಳ್ತಾನೆ, ಹಾರೋ ಮೊದಲು ಹೊಟ್ಟೆ ತುಂಬ ತಿನ್ನಬಾರದು. ಮುದುಕ ಹೇಳ್ತಾನೆ, ಸತ್ತವನ ಲೆಕ್ಕ ಇಡೋದಕ್ಕಿಂತ ಮನೆಗೆ ಬಂದವರ ಲೆಕ್ಕ ಇಡು. ಸಕ್ಕರೆ ಗಡ್ಡೆಯನ್ನು ಅವನ ಹಾಗೆ ಎಡಗಡೆ ಹಲ್ಲಿನಲ್ಲೇ ಕಚ್ಚಿ ಕಾಫಿ ಹೀರುತ್ತಾನೆ. ನಾನು ಹೆಣೆದ ಕತ್ತುಪಟ್ಟಿ ಹಾಸಿಗೆ ಮೇಲೆ ಬಿದ್ದಿತ್ತು. ಕೇಳಿದರೆ, "ಅಕ್ಕ, ಉಣ್ಣೆ ಚುಚ್ಚುತ್ತೆ. ಹಾರೋವಾಗ ಕತ್ತು ಸದಾ ತಿರುಗ್ತಾನೇ ಇರಬೇಕು. ಮುದುಕ ತನ್ನ ರೇಷ್ಮೇದು ಕೊಟ್ಟಿದಾನೆ."

ಹೆಲ್ಮಿ ಪಾತ್ರೆ ಉಜ್ಜುತ್ತಾ ನನ್ನನ್ನೇ ನೋಡುತ್ತಿದ್ದಳು. ಗಂಡ ಗಡಿಯಲ್ಲಿದ್ದಾನೆ, ಆದರೂ ಅವಳ ಬಾಯಿಗೆ ಬಿಡುವಿಲ್ಲ.

"ಟೀಚರಮ್ಮ, ಬೇಜಾರು ಮಾಡ್ಕೋಬೇಡಿ. ಹೊಸ ಸೊಸೆ ಮನೆಗೆ ಕಾಲಿಟ್ಟಾಗ ನಮ್ಮತ್ತೆ ಮುಖ ಹೀಗೇ ಇತ್ತು."

"ಪಾತ್ರೆ ತೊಳಿ."

"ತೊಳೀತಿದೀನಿ. ಪಾಪ ನಮ್ಮತ್ತೇನೂ ಹೀಗೇ ಅಂತಿದ್ರು."

ಜನವರಿ 17, ಬುಧವಾರ

ಥರ್ಮಾಮೀಟರಿನ ಪಾದರಸ ತಳಕ್ಕಿಳಿದು ಅಲ್ಲೇ ಕೂತಿದೆ. ಉಗುಳಿದರೆ ನೆಲಕ್ಕೆ ಬೀಳುವ ಮೊದಲೇ ಗಟ್ಟಿ. ಸಂಜೆ ಇಂಜಿನ್ನಿನಿಂದ ಎಣ್ಣೆ ಇಳಿಸಿ ಹಾಲಿನ ಕ್ಯಾನುಗಳಲ್ಲಿ ತಂದು ನನ್ನ ಒಲೆಯ ಮೇಲಿಡುತ್ತಾರೆ, ಬೆಳಗ್ಗೆ ಬಿಸಿಬಿಸಿಯಾಗಿ ಮತ್ತೆ ಹೊಯ್ಯಬೇಕು. ಅಡುಗೆಮನೆ ಗ್ಯಾರೇಜಿನ ಹಾಗೆ ನಾರುತ್ತದೆ. ಗಂಜಿಗೂ ಅದೇ ರುಚಿ.

ಕ್ಯಾನು ಹೊರಲು ಕ್ಯಾಪ್ಟನ್ ಖುದ್ದಾಗಿ ಬರುತ್ತಾನೆ. ಇಂದು ಬಾಗಿಲ ಹೊಸ್ತಿಲು ಎಡವಿ ಅರ್ಧ ಕ್ಯಾನು ಚೆಲ್ಲಿದ. ತಾನೇ ಮೊಣಕಾಲೂರಿ ಒರೆಸಿದ. ನಾನು ಬೇಡ ಅನ್ನಲಿಲ್ಲ. ದೇಶದ ಕಣ್ಮಣಿ ನನ್ನ ನೆಲ ಒರೆಸುವುದನ್ನು ನಿಂತು ನೋಡಿದೆ. ಹಿತವಾಯಿತು.

ಬ್ರೆಡ್ಡು ಸೀದು ಹೋಯಿತು, ಎರಡು ತಟ್ಟೆ ಪೂರ್ತಿ. ಹುಡುಗಿಯರಿಬ್ಬರೂ ತಪ್ಪು ನಿನ್ನದು, ನಿನ್ನದು ಅಂತ ಶುರು ಮಾಡಿದರು. "ಬೆಂಕಿ ಜೋರು ಮಾಡಿದ್ದು ನಾನು, ಹೇಳೋಕೆ ಮರೆತೆ" ಅಂದೆ. ಕೂಡಲೇ ಒಬ್ಬಳು ತಾನು ವಾಸನೆ ಬಂದರೂ ಎದ್ದು ನೋಡಲಿಲ್ಲ ಅಂದಳು, ಇನ್ನೊಬ್ಬಳು ಬಾಗಿಲು ಸರಿಯಾಗಿ ಮುಚ್ಚಿರಲಿಲ್ಲ ಅಂದಳು. ಹಿಟ್ಟು ಮತ್ತೆ ನಾದಿದೆವು, ಹೊತ್ತಿಗೆ ಸರಿಯಾಗಿ ಬಡಿಸಿದೆವು. ಹಾಗೆ ಹೇಳಿದರೆ ಜಗಳಕ್ಕೆ ಹೊತ್ತು ಹೋಗುವುದಿಲ್ಲ, ಅಷ್ಟೆ.

ಜನವರಿ 20, ಶನಿವಾರ

ಸಿಕ್ಕಿಬಿದ್ದ.

ಎರಡು ದಿನದಿಂದ ಅನುಮಾನವಿತ್ತು. ಹಲಗೆಯಲ್ಲಿ ಬೇರೆಯವರು ಬರೆದಾಗ ಕ್ಯಾಪ್ಟನ್ ತಲೆಯನ್ನು ಬಲಕ್ಕೆ ಓರೆ ಮಾಡುತ್ತಾನೆ. ಹಿಂದೆ ಕೂತರೆ ಪಕ್ಕದವನನ್ನು, ಹೆಚ್ಚಾಗಿ ತೌನೊನನ್ನು, "ಜೋರಾಗಿ ಓದು, ಎಲ್ಲರಿಗೂ ಕೇಳಲಿ" ಅನ್ನುತ್ತಾನೆ. ಹೊಸ್ತಿಲು ಎಡವುತ್ತಾನೆ. ಇಂಥ ಮಕ್ಕಳನ್ನು ನಾನು ಎಷ್ಟು ನೋಡಿಲ್ಲ. ಹಲಗೆ ಕಾಣದ ಮಗು ಅದನ್ನು ಎಂದೂ ಬಾಯಿಬಿಟ್ಟು ಹೇಳುವುದಿಲ್ಲ. ನಗುತ್ತದೆ, ತುಂಟತನ ಮಾಡುತ್ತದೆ, ಪಕ್ಕದವನನ್ನು ಗೆಳೆಯನನ್ನಾಗಿ ಮಾಡಿಕೊಳ್ಳುತ್ತದೆ.

ಇಂದು ಊಟಕ್ಕೇನಿದೆ ಎಂಬುದನ್ನು ಹಲಗೆಯ ಮೇಲೆ ಸಣ್ಣಕ್ಷರದಲ್ಲಿ ಬರೆದೆ. ಅವನು ಹಿಂದಿನ ಕಿಟಕಿಯ ಬಳಿ ಕೂತಿದ್ದ.

"ಘಮ ಘಮ ಅಂತಿದೆ. ಏನು ಮಾಡಿದೀರಿ ಟೀಚರ್ ಇವತ್ತು?"

"ಬರೆದಿದೆಯಲ್ಲ" ಅಂದೆ.

ಹಲಗೆಯತ್ತ ತಲೆ ಓರೆ ಮಾಡಿದ. "ನಿಮ್ಮ ಬಾಯಿಂದ ಕೇಳಿದ್ರೆ ಹಸಿವು ಜಾಸ್ತಿ" ಅಂದ. ಎಲ್ಲರೂ ನಕ್ಕರು. ತೌನೊ ನಗಲಿಲ್ಲ, ನನ್ನನ್ನು ನೋಡಿದ.

ಬಲಗಣ್ಣು. ದೂರದ್ದು ಏನೂ ಕಾಣುವುದಿಲ್ಲ. ಎಡಗಣ್ಣೂ ಅಷ್ಟಕ್ಕಷ್ಟೆ. ಇವನಾ ನನ್ನ ತಮ್ಮನನ್ನು ಆಕಾಶಕ್ಕೆ ಕರೆದೊಯ್ಯುವವನು? ಮೊದಲು ಕಂಡವನೇ ಮುಂದಾಳು! ಎಂಥ ದೊಡ್ಡ ಮನಸ್ಸು ಅಂತ ಪತ್ರಿಕೆಗಳು ಬರೆದವು. ಕಾಣದವನು ಕಾಣುವವನನ್ನು ಮುಂದೆ ಬಿಡದೆ ಇನ್ನೇನು ಮಾಡುತ್ತಾನೆ?

ಬಹಳ ದಿನದ ಮೇಲೆ ಹಸಿವಾಯಿತು. ಎರಡು ಸಲ ಹಾಕಿಸಿಕೊಂಡು ಉಂಡೆ.

ಜನವರಿ 21, ಭಾನುವಾರ

ತೌನೊನನ್ನು ಸೌದೆ ಕೊಟ್ಟಿಗೆಗೆ ಕರೆದೆ. ಮಕ್ಕಳ ಬೆಂಚುಗಳ ನಡುವೆ ನಿಂತು ಹೇಳಿದೆ, ನಿಮ್ಮ ಮುದುಕನಿಗೆ ಕಣ್ಣು ಕಾಣುವುದಿಲ್ಲ ಅಂತ. ಅವನು ಬೆಚ್ಚಿ ಬೀಳುತ್ತಾನೆ ಅಂದುಕೊಂಡಿದ್ದೆ.

"ಗೊತ್ತು ಅಕ್ಕ."

"ಯಾವಾಗಿಂದ?"

"ಮೊದಲ ದಿನದಿಂದ. ಡಿಸೆಂಬರಲ್ಲಿ ಅವನ ವಿಮಾನದ ಮುಂದಿನ ಗಾಜು ಒಡೆದು ಕಣ್ಣಿಗೆ ಚೂರು ಹೊಕ್ಕಿತ್ತು. ಅವನೇ ಹೇಳಿದ. 'ನಿಮಗೆ ನಾನು ಹಾರೋದು ಕಲಿಸ್ತೀನಿ, ನೀವು ನನಗೆ ಕಣ್ಣಾಗಿ. ಒಪ್ಪದವರು ಈಗಲೇ ಹೇಳಿ, ಬೇಜಾರಿಲ್ಲ, ಬೇರೆ ದಳಕ್ಕೆ ಕಳಿಸ್ತೀನಿ' ಅಂದ."

"ಯಾರೂ ಹೇಳಲಿಲ್ಲವಾ?"

"ಪೆಂಟಿ ಹೇಳಿದ. ನನಗೂ ಸರಿಯಾಗಿ ಕಾಣಲ್ಲ ಮುದುಕ, ಹೆಂಗಸರು ಮಾತ್ರ ಕಾಣ್ತಾರೆ ಅಂದ."

"ನನಗೆ ಯಾಕೆ ಹೇಳಲಿಲ್ಲ?"

ಅವನು ಒಂದು ಬೆಂಚಿನ ಮೇಲಿನ ಹಿಮವನ್ನು ಕೈಯಿಂದ ಸವರಿದ. "ನೀನು ಯಾರಿಗಾದ್ರೂ ಹೇಳಿಬಿಡ್ತೀಯ ಅಂತಲ್ಲ. ನೀನು ಸರಿಮಾಡೋಕೆ ಹೊರಡ್ತೀಯ. ಎಲ್ಲಾನೂ ಸರಿಮಾಡೋಕೆ ಹೊರಡ್ತೀಯ ನೀನು."

"ಕುರುಡನ ಹಿಂದೆ ಹೋಗಿ ಸತ್ತರೆ?"

"ಹಿಂದೆ ಅಲ್ಲ, ಅಕ್ಕ. ನಾವು ಮುಂದೆ, ಅವನು ಹಿಂದೆ. ನಮ್ಮ ಬೆನ್ನಿಗೆ ಯಾರಾದ್ರೂ ಬಿದ್ದರೆ ಹತ್ತಿರದಲ್ಲೇ ಬೀಳಬೇಕಲ್ಲ. ಹತ್ತಿರದ್ದು ಅವನಿಗೆ ಚೆನ್ನಾಗಿ ಕಾಣುತ್ತೆ."

ಮೆಕ್ಯಾನಿಕ್‌ಗಳಿಗೂ ಗೊತ್ತಂತೆ. ಹೆಲ್ಮಿಗೂ ಗೊತ್ತಂತೆ. ಇಡೀ ಶಾಲೆಗೆ ಗೊತ್ತು, ಟೀಚರ್ ಒಬ್ಬಳನ್ನು ಬಿಟ್ಟು.

ಜನವರಿ 22

ಏನೂ ಇಲ್ಲ. ತಲೆನೋವು.

ಫೆಬ್ರವರಿ 2, ಶುಕ್ರವಾರ

ನಿನ್ನೆಯಿಂದ ದಕ್ಷಿಣದಲ್ಲಿ ತೋಪು ಒಂದೇ ಸಮನೆ ಮೊರೆಯುತ್ತಿದೆ. ಕಪಾಟಿನ ಬಸಿಗಳು ಕುಣಿಯುತ್ತವೆ. ಹುಡುಗರು ದಿನಕ್ಕೆ ನಾಲ್ಕು ಸಲ ಹಾರುತ್ತಾರೆ, ಬೂಟು ಬಿಚ್ಚದೆ ನಿದ್ದೆ ಹೋಗುತ್ತಾರೆ. ಪಕ್ಕದ ಸರೋವರದ ದಳದಲ್ಲಿ ಮೂವರು ಹೋದರು. ನಮ್ಮಲ್ಲಿ ಇನ್ನೂ ಯಾರೂ ಹೋಗಿಲ್ಲ. ಇದನ್ನು ಬರೆದು, ಕೆಟ್ಟದ್ದು ತಾಗದಿರಲಿ ಅಂತ ಮರದ ಮೇಜನ್ನು ಮುಟ್ಟಿದೆ.

ಮಧ್ಯಾಹ್ನ ಕ್ಯಾಪ್ಟನ್ ಅಡುಗೆಮನೆಗೆ ಬಂದು ಒಲೆಗೆ ಬೆನ್ನು ಮಾಡಿ ನಿಂತ. ಚಳಿಗೆ ಬೆರಳು ಮಡಚಲಾರದೆ ಕೈ ಉಜ್ಜಿಕೊಂಡ. ಬಹಳ ದಿನದಿಂದ ಗಂಟಲಲ್ಲಿದ್ದದ್ದು ಬಾಯಿಗೆ ಬಂತು.

"ಐದು ಜನ ಹುಡುಗರಲ್ಲಿ ನನ್ನ ತಮ್ಮನೇ ಯಾಕೆ ಬೇಕು ನಿಮಗೆ? ಸದಾ ಅವನನ್ನೇ ಪಕ್ಕಕ್ಕೆ ಕೂರಿಸ್ಕೋತೀರಿ, ಅವನ ಕೈಲೇ ಓದಿಸ್ತೀರಿ."

"ಅವನು ಕಂಡಷ್ಟೇ ಹೇಳ್ತಾನೆ. ಮಿಕ್ಕವರು ಮೂರು ಕಂಡರೆ ಎಂಟು ಅಂತಾರೆ. ಹೆದರಿಕೆ ಆದ್ರೆ ಹನ್ನೆರಡು. ತೌನೊ ಮೂರು ಅಂದ್ರೆ ಮೂರು. ಖಚಿತ ಇಲ್ಲದಿದ್ರೆ ಖಚಿತ ಇಲ್ಲ ಅಂತಾನೆ. ಯಾರೋ ಕಲಿಸಿದ್ದು ಇದು ಅಂದೆ. ನಮ್ಮಕ್ಕ ಅಂದ."

ನಾನು ಮೇಜು ಒರೆಸುತ್ತಲೇ ಇದ್ದೆ.

"ಚಿಕ್ಕವನಿದ್ದಾಗ ಕಿಟಕಿ ಹತ್ರ ನಿಲ್ಲಿಸಿ, ಹೊರಗೆ ಏನಿದೆ ನೋಡಿ ಹೇಳು ಅಂತಿದ್ರಂತೆ. ಇಲ್ಲದ್ದು ಒಂದು ಹೇಳಿದ್ರೂ ಮೊದಲಿಂದ ಶುರು. ಕಷ್ಟ ಆಗ್ತಿತ್ತಂತೆ."

"ಅವನು ಅಳ್ತಿದ್ದ" ಅಂದೆ.

"ಅದನ್ನೂ ಹೇಳಿದ."

ಮುಖಸ್ತುತಿ. ಅಕ್ಕನನ್ನು ಒಲಿಸಿಕೊಂಡರೆ ತಮ್ಮ ಪೂರ್ತಿ ಕೈಗೆ ಬರುತ್ತಾನೆ ಅನ್ನುವ ಲೆಕ್ಕ. ನನ್ನ ಮನೆಯ ಕಿಟಕಿಯ ಬಳಿ ನಡೆದದ್ದು ನನ್ನ ಮತ್ತು ತೌನೊನ ಸ್ವತ್ತು. ಅದನ್ನೂ ಇವನ ಕೈಗೆ ಕೊಟ್ಟಿದ್ದಾನೆ.

ಹೋಗುವಾಗ ಅವನಿಗೆ ಒಂದು ಲೋಟ ಬಿಸಿ ಹಾಲು ಕೊಟ್ಟೆ. ಮಡಚದ ಬೆರಳಿನಲ್ಲಿ ವಿಮಾನ ನಡೆಸಿದರೆ ಅಪಾಯ ಇವನೊಬ್ಬನಿಗಲ್ಲವಲ್ಲ.

ಫೆಬ್ರವರಿ 6, ಮಂಗಳವಾರ

ಹೆಲ್ಮಿಯ ಗಂಡನ ಸುದ್ದಿಯಿಲ್ಲ. ಅವಳ ಕೈಯಿಂದ ಸೌಟು ತೆಗೆದುಕೊಂಡು, "ಇವತ್ತು ನೀನು ಹೇಳು, ನಾವು ಮಾಡ್ತೀವಿ" ಅಂದೆ. ದಿನವಿಡೀ ಅವಳು ಯಜಮಾನಿ, ನಾನು ಆಳು. ಆಲೂಗಡ್ಡೆ ದಪ್ಪ ಹೆಚ್ಚಿದ್ದಕ್ಕೆ ನನ್ನನ್ನು ಬೈದಳು. ಸಂಜೆ ಹೊತ್ತಿಗೆ ಒಂದು ಸಲ ನಕ್ಕಳು. ಹುಡುಗಿಯರು ಊಟ ಮುಗಿಸುವ ತನಕ ಕಾದು ನಾನು ತಳದ್ದು ಉಂಡೆ, ತಣ್ಣಗಿತ್ತು.

ಕ್ಯಾಪ್ಟನ್ ಮತ್ತು ತೌನೊ ವಿಮಾನದ ರೆಕ್ಕೆಯ ಕೆಳಗೆ ಕೂತು ಒಂದೇ ಬ್ರೆಡ್ಡನ್ನು ಮುರಿದು ತಿನ್ನುವುದು ಕಿಟಕಿಯಿಂದ ಕಂಡಿತು. ಪರದೆ ಎಳೆದೆ.

ಫೆಬ್ರವರಿ 9, ಶುಕ್ರವಾರ

ಕೇಂದ್ರ ಕಚೇರಿಯಿಂದ ಡಾಕ್ಟರ್ ಬಂದಿದ್ದರು, ಮೇಜರ್ ದರ್ಜೆಯವರು. ಕನ್ನಡಕ, ಮೃದು ಮಾತು, ಕೆಮ್ಮು. ಎಲ್ಲ ದಳಗಳ ಪೈಲಟ್‌ಗಳನ್ನು ನೋಡಿಕೊಂಡು ಬರುತ್ತಿದ್ದಾರೆ. ಅವರಿಗೆ ಮೊದಲು ಕಾಫಿ ಕೊಟ್ಟವಳು ನಾನು.

"ಮೂರು ಹೊತ್ತು ಬಡಿಸೋರು ನೀವು, ಟೀಚರ್. ನನಗೆ ಕಾಣದ್ದು ನಿಮಗೆ ಕಾಣುತ್ತೆ. ಯಾರಾದ್ರೂ ಸರಿ ಇಲ್ಲ ಅನ್ನಿಸಿದಾರಾ?"

ಆಗ ಹೊರಗೆ ತೌನೊ ನಗುವುದು ಕೇಳಿಸಿತು. ಅವನ ನಗುವಲ್ಲ ಅದು. ಕ್ಯಾಪ್ಟನ್ ನಗುವ ರೀತಿ, ಮೊದಲು ಮೂಗಿನಲ್ಲಿ, ಆಮೇಲೆ ಬಾಯಲ್ಲಿ.

"ಕ್ಯಾಪ್ಟನ್‌ಗೆ ಹಿಂದೆ ಕೂತರೆ ಹಲಗೆ ಕಾಣಲ್ಲ" ಅಂದೆ.

ಡಾಕ್ಟರ್ ಕಪ್ಪು ಕೆಳಗಿಟ್ಟರು.

ಕಣ್ಣು ಪರೀಕ್ಷೆಯ ಅಕ್ಷರದ ಪಟ ಅವರ ಪೆಟ್ಟಿಗೆಯೊಂದಿಗೆ ಬಾಂಬು ಬಿದ್ದ ರೈಲಿನಲ್ಲೇ ಸುಟ್ಟುಹೋಗಿತ್ತಂತೆ. ನನ್ನ ಕೈಗೇ ಸೀಮೆಸುಣ್ಣ ಕೊಟ್ಟರು. ಮೇಲೆ ಗೇಣುದ್ದದ ಅಕ್ಷರ, ಕೆಳಕೆಳಗೆ ಚಿಕ್ಕದು. ಬರೆದೆ. ಕೋಲು ಹಿಡಿದು ನಿಂತೆ. ಹುಡುಗರು ಬಾಗಿಲಲ್ಲಿ ಗುಂಪಾದರು.

ಎಡಗಣ್ಣಿನಲ್ಲಿ ನಾಲ್ಕು ಸಾಲು ಹೇಗೋ ಓದಿದ. ಆಮೇಲೆ ಎಡಗಣ್ಣನ್ನು ಅಂಗೈಯಿಂದ ಮುಚ್ಚಿ ಬಲಗಣ್ಣನ್ನು ನನ್ನತ್ತ ತಿರುಗಿಸಿದ. ಪೆಂಟಿ ಡಾಕ್ಟರ ಬೆನ್ನ ಹಿಂದೆ ಬೆರಳಿನಲ್ಲಿ ಗಾಳಿಯ ಮೇಲೆ ಅಕ್ಷರ ಬರೆಯುತ್ತಿದ್ದ. ಎರಡನೆಯ ಸಾಲಿನಿಂದ ನನ್ನ ಕೋಲು ತಾನಾಗಿ ಮೇಲಿನ ದೊಡ್ಡ ಅಕ್ಷರಕ್ಕೆ ಹೋಗಿ ನಿಂತಿತು. ಯಾಕೆಂದು ಗೊತ್ತಿಲ್ಲ.

"ಡಾಕ್ಟರೇ" ಅಂದ ಕ್ಯಾಪ್ಟನ್, "ಟೀಚರ್ ಕಾಣ್ತಾರೆ, ಕೋಲು ಕಾಣುತ್ತೆ. ಅಕ್ಷರ ಯಾವುದೂ ಕಾಣಲ್ಲ."

"ಇಷ್ಟು ದಿನ ಯಾಕೆ ಹೇಳಲಿಲ್ಲ ನೀವು?"

"ನೀವು ಕೇಳಿರಲಿಲ್ಲ."

ಹತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು. ಅವನು ಇನ್ನು ಹಾರುವಂತಿಲ್ಲ. ನೆಲದ ಮೇಲಿನ ಉಸ್ತುವಾರಿ ಮಾತ್ರ. ಬೇರೆ ಕಡೆಯಿಂದ ಒಬ್ಬ ಹುಡುಗ ಅವನ ವಿಮಾನಕ್ಕೆ ಬರುತ್ತಾನೆ.

"ಆಕಾಶದಲ್ಲಿ ಮುಂದಾಳು ಯಾರು? ಒಂದು ಹೆಸರು ಕೊಡಿ" ಅಂದರು ಡಾಕ್ಟರ್. "ಮೊದಲು ಕಂಡವನು, ಆಮೇಲೆ ಕಂಡವನು ಅಂತ ನಾನು ವರದಿ ಬರೆಯೋಕಾಗಲ್ಲ."

"ತೌನೊ" ಅಂದ ಕ್ಯಾಪ್ಟನ್.

ನನ್ನ ಕೈಯಲ್ಲಿ ಕೋಲು ಇನ್ನೂ ಹಾಗೇ ಇತ್ತು.

ಫೆಬ್ರವರಿ 10, ಶನಿವಾರ

ಹೇಳಿದ್ದು ಯಾರು ಅಂತ ಯಾರೂ ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ. ಪೆಂಟಿ ತಟ್ಟೆ ಚಾಚಿದ, "ವಂದನೆ, ಟೀಚರ್" ಅಂದ, ತಟ್ಟೆ ಎತ್ತಿಕೊಂಡು ಹೋದ. ತೌನೊ ಊಟಕ್ಕೆ ಬರಲಿಲ್ಲ.

ಕ್ಯಾಪ್ಟನ್ ಬಂದ. ಅವನು ಕೂಗಾಡಲಿ ಅಂತ ಕಾದಿದ್ದೆ, ಉತ್ತರಗಳನ್ನು ಜೋಡಿಸಿಟ್ಟುಕೊಂಡಿದ್ದೆ.

"ನಿಮಗೆ ಕಂಡಿದ್ದು ನಿಜ. ಹೇಳಿದ್ದೂ ಸರಿ" ಅಂದ. ಬಾಗಿಲ ತನಕ ಹೋಗಿ ತಿರುಗಿದ. "ನನಗೆ ಮೊದಲು ಹೇಳಬಹುದಿತ್ತು. ನಾನೇ ಹೇಳ್ತಿದ್ದೆನೇನೋ. ಗೊತ್ತಿಲ್ಲ. ಹೇಳ್ತಿರಲಿಲ್ಲವೇನೋ."

ಸಿಟ್ಟು ಮಾಡುವ ಅವಕಾಶವನ್ನೂ ನನ್ನಿಂದ ಕಿತ್ತುಕೊಂಡು ಹೋದ.

ಕುಳ್ಳನೊಬ್ಬನನ್ನು ದಾರಿಯಿಂದ ಸರಿಸಿದೆ ಅಂದುಕೊಂಡರೆ, ಗುಂಡು ಬರುವ ದಾರಿಗೆ ನನ್ನ ಹುಡುಗನನ್ನೇ ನಿಲ್ಲಿಸಿದ್ದೇನೆ. ಇಷ್ಟು ದಿನ ಅವನ ಬೆನ್ನಿಗೆ ಒಬ್ಬನಿದ್ದ.

ಫೆಬ್ರವರಿ 12

ತೌನೊ ಇವತ್ತು ಮಾತಾಡಿದ. "ಉಪ್ಪು ಕೊಡು" ಅಂದ.

ಫೆಬ್ರವರಿ 15, ಗುರುವಾರ

ಬೆರಳು ಇನ್ನೂ ಮರಗಟ್ಟಿದೆ, ಅಕ್ಷರ ಸೊಟ್ಟಗೆ ಬರುತ್ತಿದೆ. ಮೊದಲಿಂದ ಬರೆಯುತ್ತೇನೆ.

ಊಟದ ಹೊತ್ತಿಗೆ ಫೋನು ಬಂತು. ಬಾಂಬರ್‌ಗಳ ದೊಡ್ಡ ಗುಂಪು, ರೈಲು ನಿಲ್ದಾಣದ ಕಡೆಗೆ. ಸಾರನ್ನು ತಟ್ಟೆಯಲ್ಲೇ ಬಿಟ್ಟು ಓಡಿದರು. ತೌನೊ ಮೊದಲು ಏರಿದ. ಅವನ ಹಿಂದೆ ಐದು. ಮರಗಳ ಮೇಲೆ ಚಿಕ್ಕದಾಗಿ ಮಾಯವಾದರು.

ಕಾಫಿ ಕ್ಯಾನು ಹಿಡಿದು ಸರೋವರಕ್ಕಿಳಿದೆ. ಕ್ಯಾಪ್ಟನ್ ಒಬ್ಬನೇ ಹಿಮದ ನಡುವೆ ನಿಂತಿದ್ದ, ತಲೆ ಬಲಕ್ಕೆ ಓರೆ. ಮೆಕ್ಯಾನಿಕ್‌ಗಳು ದಡದ ಬೆಂಕಿಯ ಸುತ್ತ ಇದ್ದರು.

"ಇಲ್ಲೇ ಇರಿ, ಟೀಚರ್. ಮರದಿಂದ ಮೇಲಿನದ್ದೆಲ್ಲ ನನಗೆ ಮಂಜು."

"ಅವರನ್ನು ಕರೀಬಹುದಲ್ಲ" ಅಂದೆ, ದಡದತ್ತ ಕೈ ತೋರಿಸಿ.

"ಅವರಿಗೆ ನಾನು ಅಂದ್ರೆ ಪ್ರೀತಿ. ನನ್ನ ಮನಸ್ಸು ಕೆಡಬಾರದು ಅಂತ ಸುಳ್ಳು ಹೇಳ್ತಾರೆ. ನೀವು ಹೇಳಲ್ಲ."

ನಿಂತೆವು. ಬಹಳ ಹೊತ್ತು ನಿಂತೆವು. ಕಾಫಿಯ ಮೇಲೆ ಮಂಜಿನ ಪದರ ಬಂತು. ಸಮಾಧಾನದ ಮಾತಿನಲ್ಲಿ ಪ್ರವೀಣ ಅಂತ ಹೆಸರಾದವನಿಗೆ ತನ್ನ ಸಮಾಧಾನಕ್ಕೆ ಮಾತು ಸಿಗುವುದಿಲ್ಲವೆಂದು ಕಾಣುತ್ತದೆ.

"ಎರಡು" ಅಂದೆ. "ಆಗ್ನೇಯಕ್ಕೆ."

"ನಮ್ಮವೇ?"

"ಜಾರುಹಲಗೆ ಇದೆ. ನಮ್ಮವೇ." ಆಮೇಲೆ, "ಇನ್ನೆರಡು. ಹಿಂದೆ ಒಂದು, ಹೊಗೆ ಬಿಡ್ತಿದೆ."

"ಐದು."

"ಐದು."

ಹೊಗೆ ಬಿಡುತ್ತಿದ್ದದ್ದು ಪೆಂಟಿಯದು. ಇಳಿದು ಬುಗುರಿಯ ಹಾಗೆ ಸುತ್ತಿ ನಮ್ಮ ಹತ್ತಿರವೇ ನಿಂತಿತು, ಇಂಜಿನ್ ಆಫ್ ಆಗದೆ ಗುಡುಗುತ್ತಲೇ ಇತ್ತು. ಪೆಂಟಿ ಇಳಿದು ಬಂದ. ಮುಖವೆಲ್ಲ ಎಣ್ಣೆ, ಹಲ್ಲು ಮಾತ್ರ ಬೆಳ್ಳಗೆ.

"ನನ್ನ ಬೆನ್ನಿಗೆ ಎರಡು ಬಿದ್ದಿದ್ವು, ಮುದುಕ" ಅಂತ ಸದ್ದಿನ ಮೇಲೆ ಕೂಗಿದ. "ತೌನೊ ನಮ್ಮನ್ನೆಲ್ಲ ಮನೆಗೆ ಹೋಗಿ ಅಂದ. ತಾನು ಹಿಂದೆ ಉಳಿದ. ಆಮೇಲೆ ಅವನು ಕಾಣಲಿಲ್ಲ." ನನ್ನ ಕಡೆ ಒಮ್ಮೆ ತಿರುಗಿ ನೋಡಿ ದಡದ ಕಡೆಗೆ ನಡೆದ.

ಹಿಂದೆ ಉಳಿದ. ಕೊನೆಯಲ್ಲಿ ಉಳಿಯುವುದನ್ನು ಅವನಿಗೆ ನಾನು ಕಲಿಸಿರಲಿಲ್ಲ. ಕ್ಯಾನನ್ನು ಕೆಳಗೆ ಹಾಕಿ ಆ ಕುಳ್ಳನ ಎದೆಗೆ ಎರಡೂ ಕೈಯಿಂದ ಗುದ್ದಿದೆ.

"ಇದು ನೀವು ಕಲಿಸಿದ್ದು. ಇದು ನಿಮ್ಮದು."

"ಹೌದು, ನನ್ನದು" ಅಂದ. ಹಿಂದೆ ಸರಿಯಲಿಲ್ಲ. "ಇಂಧನ ಇನ್ನೂ ಇರುತ್ತೆ ಅವನ ಹತ್ರ. ನೋಡಿ, ಟೀಚರ್. ನನ್ನನ್ನ ಆಮೇಲೆ ಹೊಡೀರಿ. ಈಗ ನೋಡಿ."

ನೋಡಿದೆ. ಕಣ್ಣಲ್ಲಿ ನೀರು ಬಂದರೆ ಕಾಣುವುದಿಲ್ಲವೆಂದು ತುಟಿ ಕಚ್ಚಿಕೊಂಡು ನೋಡಿದೆ. ಮರದ ತುದಿ, ಮೋಡ, ಮತ್ತೆ ಮರದ ತುದಿ. ಕಾಗೆಯೊಂದು ಹಾರಿತು, ಕಾಗೆ ಅಂದೆ. ಅವನು ಮತ್ತೆ ಮತ್ತೆ ತನ್ನ ಮುಖವನ್ನು ಆಗ್ನೇಯಕ್ಕೆ ಎತ್ತುತ್ತಿದ್ದ, ಐವರು ಬಂದ ದಿಕ್ಕಿಗೆ. ರೆಪ್ಪೆಯ ಮೇಲೆ ಮಂಜು ಕಟ್ಟಿತ್ತು. ಕಾಣದ ಕಣ್ಣನ್ನೂ ಅರಳಿಸಿಕೊಂಡಿದ್ದ.

ಆಗ ನನಗೆ ಕಂಡಿತು. ಪಶ್ಚಿಮದಲ್ಲಿ, ಯಾರೂ ನೋಡದ ಕಡೆ, ಸೂಜಿಮೊನೆಯಷ್ಟು ಕಪ್ಪು. ಹಕ್ಕಿಯಾಗಿದ್ದರೆ ಅಷ್ಟು ನೇರ ಬರುವುದಿಲ್ಲ. ಬಹಳ ಕೆಳಗೆ, ಬಹಳ ನಿಧಾನ, ಒಂದು ರೆಕ್ಕೆ ತುಸು ವಾಲಿ. ಎರಡು ಜಾರುಹಲಗೆ. ನಮ್ಮದು. ಪೆಂಟಿಯ ಇಂಜಿನ್ನಿನ ಸದ್ದಿನಲ್ಲಿ ಬೇರೇನೂ ಕೇಳುವಂತಿರಲಿಲ್ಲ. ಪಕ್ಕದಲ್ಲಿದ್ದವನು ಇನ್ನೂ ಆಗ್ನೇಯಕ್ಕೇ ಮುಖ ಮಾಡಿದ್ದ.

ನಾನು ಹೇಳಲಿಲ್ಲ.

ಎಷ್ಟು ಹೊತ್ತೋ. ಒಂದು ಉಸಿರಿಗಿಂತ ಜಾಸ್ತಿ. ತೌನೊ ಬದುಕಿದ್ದಾನೆ ಅನ್ನುವುದು ಅಷ್ಟು ಹೊತ್ತು ಈ ಭೂಮಿಯ ಮೇಲೆ ನನಗೊಬ್ಬಳಿಗೇ ಗೊತ್ತಿತ್ತು. ಅಷ್ಟು ಹೊತ್ತು ಅವನು ಬೇರೆ ಯಾರವನೂ ಆಗಿರಲಿಲ್ಲ.

ಆಮೇಲೆ ಆ ಮನುಷ್ಯನ ಎರಡೂ ಕೆನ್ನೆ ಹಿಡಿದು, ಅವನ ಮುಖವನ್ನು ಪಶ್ಚಿಮಕ್ಕೆ ತಿರುಗಿಸಿದೆ.

"ಅಲ್ಲಿ" ಅಂದೆ. "ಬರ್ತಿದಾನೆ."